ಯಂತ್ರ ಸುಮ್ಮನಿರುವ ಜಾಗಗಳು

ಪ್ರತಿ ವರ್ಷ ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ಸೆಮಿಸ್ಟರ್ ಮುಗಿದು ಹೊಸಬರ ತಂಡ ನಮ್ಮ ಸಾಫ್ಟ್‌ವೇರ್ ಕಚೇರಿಗೆ ಕಾಲಿಡುವ ಹೊತ್ತಿಗೆ ತರಬೇತಿ ವಿಭಾಗದಿಂದ ನನಗೊಂದು ನಮೂನೆ ಬರುತ್ತದೆ. ಅದರಲ್ಲಿ ‘ಬೋಧನಾ ವಿಧಾನ’ ಎಂಬ ಕಾಲಂ. ಉಪನ್ಯಾಸ, ಇಲ್ಲವೇ ಪರಸ್ಪರ ಕಲಿಕೆ, ಅಂದರೆ ಕಲಿಯುವವರೇ ಒಬ್ಬರಿಗೊಬ್ಬರು ಕಲಿಸುವುದು. ಎರಡರಲ್ಲಿ ಒಂದಕ್ಕೆ ಗುರುತು ಹಾಕಬೇಕು. ಕೊಠಡಿ ಹಂಚುವುದು ಅದರ ಮೇಲೆ. ಉಪನ್ಯಾಸವಾದರೆ ಮೆಟ್ಟಿಲು ಮೆಟ್ಟಿಲಾಗಿ ಕುರ್ಚಿ ಜೋಡಿಸಿದ ಸಭಾಂಗಣ, ಪರಸ್ಪರ ಕಲಿಕೆಯಾದರೆ ದುಂಡು ಮೇಜುಗಳ ಕೋಣೆ. ಆರಿಸಿದ ಮೇಲೆ ಆರು ವಾರಗಟ್ಟಲೆ ಅದೇ.

ಈ ಎರಡೂ ಪಕ್ಷಗಳ ವಕೀಲರನ್ನು ನಾನು ಬಲ್ಲೆ. ಒಬ್ಬರ ಪ್ರಕಾರ ಉಪನ್ಯಾಸ ಎಂದರೆ ಸತ್ತ ಪದ್ಧತಿ, ಸ್ಲೈಡ್ ಓದುವ ಸೋಮಾರಿತನ. ಇನ್ನೊಬ್ಬರ ಪ್ರಕಾರ ಪರಸ್ಪರ ಕಲಿಕೆ ಎಂದರೆ ತರಬೇತುದಾರನಿಗೆ ಸಂಬಳ ಕೊಡದಿರಲು ಕಂಡುಹಿಡಿದ ಚಂದದ ಹೆಸರು. ಇಬ್ಬರ ಮಾತಿನಲ್ಲೂ ನಿಜವಿದೆ. ಆದರೆ ವಾದ ನಡೆಯುತ್ತಿರುವುದು ವಿಧಾನಗಳ ನಡುವೆ, ಕಲಿಯಬೇಕಾದ ವಿಷಯ ಎಂಥದ್ದು ಎಂಬುದನ್ನು ಯಾರೂ ಕೇಳುತ್ತಿಲ್ಲ. ಸಾಫ್ಟ್‌ವೇರ್ ಕಲಿಸುವವರಿಗಂತೂ ಆ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಲು ಸಾಧ್ಯವಿಲ್ಲ ಎಂದು ನನಗೆ ಅನ್ನಿಸುತ್ತದೆ.

ಮೊದಲು ಒಂದು ಹಳೆಯ ಕಾಗದದ ಸುದ್ದಿ. ಪರಸ್ಪರ ಕಲಿಕೆಯನ್ನು ಅಮೆರಿಕದಿಂದ ತಂದ ಹೊಸ ಸರಕು ಎಂದು ಯಾರಾದರೂ ಬಣ್ಣಿಸಿದಾಗಲೆಲ್ಲ ನನಗೆ ಬಳ್ಳಾರಿ ನೆನಪಾಗುತ್ತದೆ. 1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಪ್ರಾಂತದ ದೇಶೀಯ ಶಾಲೆಗಳ ವಿವರ ಕೇಳಿದ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಕಳಿಸಿದ ವರದಿಯಲ್ಲಿ ಜಿಲ್ಲೆಯ 533 ಶಾಲೆಗಳ ಲೆಕ್ಕವಿದೆ. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿದ್ದರು. ಮುಂದುವರಿದ ಹುಡುಗರು ಹಿಂದಿನವರಿಗೆ ಕಲಿಸುತ್ತಿದ್ದರು, ಕಲಿಸುತ್ತಲೇ ತಮ್ಮ ಪಾಠವನ್ನೂ ಗಟ್ಟಿಮಾಡಿಕೊಳ್ಳುತ್ತಿದ್ದರು. ಕ್ಯಾಂಪ್‌ಬೆಲ್ ಇದನ್ನು ಮನಸಾರೆ ಮೆಚ್ಚಿಕೊಂಡ. ಇಂಗ್ಲೆಂಡಿನಲ್ಲಿ ಇದರ ಅನುಕರಣೆ ನಡೆದಿರುವುದು ಸರಿಯಾಗಿಯೇ ಇದೆ ಎಂದೂ ಬರೆದ. ಅದು ಬರಿಯ ಹೊಗಳಿಕೆಯಲ್ಲ. ಮದರಾಸಿನ ಅನಾಥಾಲಯವೊಂದನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಇಲ್ಲಿನ ಮರಳಿನ ಪಾಠವನ್ನು ಕಂಡು ಅದನ್ನು ತನ್ನ ಶಾಲೆಗೆ ಅಳವಡಿಸಿ, ಹುಡುಗರಿಂದಲೇ ಹುಡುಗರಿಗೆ ಕಲಿಸಿ, 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಪ್ರಕಟಿಸಿದ್ದ. ಅಲ್ಲಿ ಆ ಪದ್ಧತಿಗೆ ಮದರಾಸಿನದೇ ಹೆಸರು ಬಂತು.

ವರದಿಯ ಮುಂದಿನ ಭಾಗವನ್ನು ಮಾತ್ರ ಯಾರೂ ಉಲ್ಲೇಖಿಸುವುದಿಲ್ಲ. ಅದೇ ಶಾಲೆಗಳ ಮಕ್ಕಳು ಪದ್ಯಗಳ ಸಾಲುಸಾಲನ್ನೇ ಒಪ್ಪಿಸುತ್ತಾರೆ, ಅರ್ಥ ಮಾತ್ರ ಗಿಳಿಗೆ ತಿಳಿದಷ್ಟೂ ತಿಳಿದಿರುವುದಿಲ್ಲ ಎಂದು ಅದೇ ಕ್ಯಾಂಪ್‌ಬೆಲ್ ದೂರಿದ್ದಾನೆ. ಸಮರ್ಥ ಮೇಷ್ಟರ ಕೊರತೆಯನ್ನೂ ಎತ್ತಿ ಹೇಳಿದ್ದಾನೆ. ವಸಾಹತು ಅಧಿಕಾರಿಯ ಕಣ್ಣಿಗೆ ತನ್ನದೇ ಪೊರೆಯಿತ್ತು, ಒಪ್ಪೋಣ. ಆದರೂ ಅವನು ಕಂಡ ಎರಡು ಸಂಗತಿಗಳೂ ಒಟ್ಟಿಗೆ ನಿಜವಾಗಿರಲು ಸಾಧ್ಯ. ಒಬ್ಬರಿಂದ ಒಬ್ಬರಿಗೆ ಪಾಠ ಚೆನ್ನಾಗಿ ದಾಟುತ್ತದೆ. ದಾಟಿದ್ದು ಸರಿಯೋ ತಪ್ಪೋ ಎಂಬುದನ್ನು ದಾಟಿಸುವ ಕ್ರಿಯೆ ತಾನಾಗಿ ಪರೀಕ್ಷಿಸುವುದಿಲ್ಲ.

ಈ ಪರೀಕ್ಷೆಯ ಕೆಲಸವನ್ನು ಯಾರು ಮಾಡಬೇಕು ಎಂಬುದಕ್ಕೆ ನನಗೆ ತಿಳಿದ ಅತ್ಯಂತ ಶಿಸ್ತಿನ ಉತ್ತರ ಭೌತಶಾಸ್ತ್ರದಿಂದ ಬಂದದ್ದು. ಹಾರ್ವರ್ಡ್‌ನ ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲಿ, ಕಷ್ಟದ ಲೆಕ್ಕಗಳನ್ನು ಸಲೀಸಾಗಿ ಬಿಡಿಸುವ ತನ್ನ ವಿದ್ಯಾರ್ಥಿಗಳು ಬಲ ಮತ್ತು ಚಲನೆಯ ಬಗೆಗಿನ ತೀರಾ ಸರಳ ಪ್ರಶ್ನೆಗಳಲ್ಲಿ ಎಡವುವುದನ್ನು ಗಮನಿಸಿದರು. ಅವರು ರೂಪಿಸಿದ ಕ್ರಮ ಹೀಗಿದೆ. ಚಿಕ್ಕದೊಂದು ವಿವರಣೆ, ಆಮೇಲೆ ನಾಲ್ಕು ಆಯ್ಕೆಗಳ ಒಂದು ಪ್ರಶ್ನೆ. ಪ್ರತಿಯೊಬ್ಬರೂ ಮೊದಲು ಒಬ್ಬೊಬ್ಬರೇ ಯೋಚಿಸಿ ಗುಟ್ಟಾಗಿ ಮತ ಹಾಕಬೇಕು. ಸರಿಯುತ್ತರ ಕೊಟ್ಟವರು ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆಯಿದ್ದರೆ ಚರ್ಚೆಗೆ ಬಿಡುವುದು ವ್ಯರ್ಥ, ಮೇಷ್ಟರೇ ಮತ್ತೆ ವಿವರಿಸಬೇಕು. ಸುಮಾರು ಎಪ್ಪತ್ತು ಶೇಕಡಾಕ್ಕಿಂತ ಹೆಚ್ಚಿದ್ದರೆ ಚುಟುಕಾಗಿ ಕಾರಣ ಹೇಳಿ ಮುಂದಕ್ಕೆ. ನಡುವೆ ಇದ್ದರೆ ಮಾತ್ರ ಪಕ್ಕದವರ ಜೊತೆ ವಾದ, ಮತ್ತೊಮ್ಮೆ ಮತ.

ಇಲ್ಲಿ ಗಮನಿಸಬೇಕಾದದ್ದು, ಉಪನ್ಯಾಸವೋ ಪರಸ್ಪರ ಕಲಿಕೆಯೋ ಎಂಬ ತೀರ್ಮಾನ ವರ್ಷದ ಯೋಜನೆಯ ಕಾಲಂನಲ್ಲಿ ಆಗುತ್ತಿಲ್ಲ. ಹತ್ತು ನಿಮಿಷಕ್ಕೊಮ್ಮೆ ಕೋಣೆಯೊಳಗೇ ಆಗುತ್ತಿದೆ.

ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುವಾಗ ಕೇಳುವ ಒಂದು ಪ್ರಶ್ನೆ ಇದು. ‘ಎ’ ಎಂಬ ಹೆಸರಿನಲ್ಲಿ ಒಂದು ಲಿಸ್ಟ್ ಇದೆ, ಅದರಲ್ಲಿ 1, 2, 3. ‘ಬಿ’ಗೆ ‘ಎ’ಯನ್ನು ಕೊಟ್ಟೆವು. ಆಮೇಲೆ ‘ಬಿ’ಗೆ 4 ಸೇರಿಸಿದೆವು. ಈಗ ‘ಎ’ಯನ್ನು ಮುದ್ರಿಸಿದರೆ ಏನು ಬರುತ್ತದೆ? ಕಾಲೇಜಿನಲ್ಲಿ ನಾಲ್ಕು ವರ್ಷ ಕೋಡ್ ಬರೆದವರಲ್ಲೂ ಒಂದಷ್ಟು ಜನ 1, 2, 3 ಎನ್ನುತ್ತಾರೆ. ‘ಬಿ’ ಎಂಬುದು ಬೇರೆ ಡಬ್ಬಿ, ಅದರೊಳಕ್ಕೆ ನಕಲು ಹೋಗಿದೆ ಎಂಬುದು ಅವರ ಚಿತ್ರ. ಉಳಿದವರು ಸರಿಯಾಗಿಯೇ ನಾಲ್ಕೂ ಅಂಕಿ ಬರುತ್ತವೆ ಎನ್ನುತ್ತಾರೆ, ಆದರೆ ಏಕೆ ಎಂದರೆ ತಡವರಿಸುತ್ತಾರೆ. ಕೋಣೆ ಹೀಗೆ ಒಡೆದಾಗ ನಾನು ಬಾಯಿ ಮುಚ್ಚಿಕೊಂಡು ಮೇಜುಗಳ ನಡುವೆ ಓಡಾಡುತ್ತೇನೆ. ಒಬ್ಬ ಹುಡುಗಿ ಕಾಗದದ ಮೇಲೆ ಎರಡು ಹೆಸರು ಬರೆದು ಎರಡರಿಂದಲೂ ಒಂದೇ ಪೆಟ್ಟಿಗೆಗೆ ಬಾಣ ಎಳೆಯುತ್ತಾಳೆ. ಎದುರಿನ ಹುಡುಗ “ಹಾಗಾದರೆ ಸಂಖ್ಯೆಗಳ ವಿಷಯದಲ್ಲಿ ಏಕೆ ಹಾಗಾಗುವುದಿಲ್ಲ?” ಎಂದು ಕೇಳುತ್ತಾನೆ. ನನ್ನ ಸ್ಲೈಡಿನಲ್ಲಿ ಆ ಪ್ರಶ್ನೆ ಇರಲಿಲ್ಲ, ಅದು ಅಲ್ಲಿರುವ ಎಲ್ಲಕ್ಕಿಂತಲೂ ಒಳ್ಳೆಯ ಪ್ರಶ್ನೆ.

ಇಂಥ ಚರ್ಚೆಯಲ್ಲಿ ನಡೆಯುವುದು ಗೊತ್ತಿದ್ದವನು ಗೊತ್ತಿಲ್ಲದವನಿಗೆ ಉತ್ತರ ದಾಟಿಸುವುದಷ್ಟೇ ಅಲ್ಲವೇ ಎಂಬ ಅನುಮಾನ ಬಹಳ ಜನರಿಗಿದೆ. ಕೊಲೊರಾಡೊ ವಿಶ್ವವಿದ್ಯಾಲಯದ ತಳಿಶಾಸ್ತ್ರದ ತರಗತಿಯೊಂದರಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಕೆದಕಿ ನೋಡಿತು. ಮೊದಲ ಮತದಲ್ಲಿ ಇಡೀ ಗುಂಪಿನಲ್ಲಿ ಯಾರಿಗೂ ಸರಿಯುತ್ತರ ತಿಳಿಯದಿದ್ದಾಗಲೂ, ಚರ್ಚೆಯ ನಂತರ ಅದೇ ಕಲ್ಪನೆಯ ಬೇರೆ ಪ್ರಶ್ನೆಗೆ ಹಲವರು ಸರಿಯಾಗಿ ಉತ್ತರಿಸಿದರು. ಕಂಪ್ಯೂಟರ್ ವಿಜ್ಞಾನದಲ್ಲೂ ಹೀಗೆಯೇ: ಲಿಯೋ ಪೋರ್ಟರ್ ಮತ್ತು ಸಂಗಡಿಗರು 2013ರಲ್ಲಿ ನಾಲ್ಕು ಕೋರ್ಸುಗಳ ಫಲಿತಾಂಶ ಹೋಲಿಸಿದಾಗ, ನಪಾಸಾಗುವವರ ಸರಾಸರಿ ಪ್ರಮಾಣ ಮಾಮೂಲಿ ಪಾಠದಲ್ಲಿ 20 ಶೇಕಡಾ, ಮಜೂರ್ ಕ್ರಮದಲ್ಲಿ 7 ಶೇಕಡಾ.

ಪ್ರೋಗ್ರಾಮಿಂಗ್‌ಗೆ ಈ ಕ್ರಮ ಇಷ್ಟು ಚೆನ್ನಾಗಿ ಒಗ್ಗುವುದಕ್ಕೆ ಇನ್ನೊಂದು ಕಾರಣವೂ ಇದೆ. ನಮ್ಮ ತರಗತಿಯಲ್ಲಿ ಒಬ್ಬ ನಿಷ್ಪಕ್ಷಪಾತ ನ್ಯಾಯಾಧೀಶ ಸದಾ ಹಾಜರಿರುತ್ತಾನೆ: ಯಂತ್ರ. ‘ಎ’ಯಲ್ಲಿ ಏನಿದೆ ಎಂದು ಅರ್ಧ ಗಂಟೆ ಜಗಳವಾಡಿದ ಮೇಲೆ ಒಂದು ಗುಂಡಿ ಒತ್ತಿದರೆ ತೀರ್ಪು ಬರುತ್ತದೆ. ಇತಿಹಾಸದ ತರಗತಿಗೂ ಅರ್ಥಶಾಸ್ತ್ರದ ತರಗತಿಗೂ ಈ ಭಾಗ್ಯವಿಲ್ಲ. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಬೈಯುತ್ತದೆ, ಟೆಸ್ಟ್ ಕೆಂಪಾಗುತ್ತದೆ, ಪ್ರೋಗ್ರಾಮ್ ಕುಸಿದು ಬೀಳುತ್ತದೆ. ತಪ್ಪಿದ್ದೇನೆಂದು ಯಂತ್ರವೇ ಹೇಳುವ ಕಡೆ ಮೇಷ್ಟರು ಮಾತಾಡುವುದು ಅಧಿಕಪ್ರಸಂಗ. ಇಬ್ಬರು ಹೊಸಬರನ್ನು ಒಂದು ಪರದೆಯ ಮುಂದೆ ಕೂರಿಸಿ ಬಿಟ್ಟುಬಿಡಬೇಕು.

ಆದರೆ ಯಂತ್ರ ಸುಮ್ಮನಿರುವ ಜಾಗಗಳಿವೆ.

ಲಾಗಿನ್ ಪುಟವೊಂದನ್ನು ಕಟ್ಟಲು ಕೊಡಿ. ಬಳಕೆದಾರ ಬರೆದ ಹೆಸರನ್ನು ನೇರವಾಗಿ ಡೇಟಾಬೇಸ್ ಪ್ರಶ್ನೆಯ ವಾಕ್ಯಕ್ಕೆ ಅಂಟಿಸಿ ಕಳಿಸುತ್ತಾರೆ. ಪುಟ ಕೆಲಸ ಮಾಡುತ್ತದೆ, ಟೆಸ್ಟ್ ಹಸಿರಾಗುತ್ತದೆ, ಪಕ್ಕದ ಮೇಜಿನವರು ಬಂದು ನೋಡಿ ತಾವೂ ಹಾಗೆಯೇ ಬರೆಯುತ್ತಾರೆ. ಹೆಸರಿನ ಜಾಗದಲ್ಲಿ ಯಾರಾದರೂ ಒಂದು ಉದ್ಧರಣ ಚಿಹ್ನೆಯನ್ನೂ ಕುತಂತ್ರದ ನಾಲ್ಕು ಪದಗಳನ್ನೂ ತುಂಬಿದರೆ ಪಾಸ್‌ವರ್ಡ್ ಇಲ್ಲದೆ ಒಳಕ್ಕೆ ಬರಬಹುದು ಎಂದು ಯಾವ ಕಂಪೈಲರೂ ಹೇಳುವುದಿಲ್ಲ. ಪಾಸ್‌ವರ್ಡನ್ನು ಇದ್ದದ್ದು ಇದ್ದಂತೆಯೇ ಟೇಬಲ್‌ನಲ್ಲಿ ಬರೆದಿಟ್ಟರೂ ಲಾಗಿನ್ ಸೊಗಸಾಗಿ ನಡೆಯುತ್ತದೆ. ಎರಡು ಥ್ರೆಡ್‌ಗಳು, ಅಂದರೆ ಏಕಕಾಲಕ್ಕೆ ಓಡುವ ಎರಡು ಎಳೆಗಳು, ಒಂದೇ ಎಣಿಕೆಯನ್ನು ಒಂದೊಂದು ಹೆಚ್ಚಿಸುವ ಜಾವಾ ಪ್ರೋಗ್ರಾಮನ್ನು ಹತ್ತು ಸಲ ಓಡಿಸಿದರೆ ಹತ್ತು ಸಲವೂ ಸರಿಯುತ್ತರ ಬರಬಹುದು. ಒಂದು ಹೆಚ್ಚಿಸುವುದು ಎಂದು ನಾವು ಅಂದುಕೊಂಡದ್ದು ಒಳಗೆ ಮೂರು ಹೆಜ್ಜೆ: ಓದು, ಕೂಡು, ಬರೆ. ಒಬ್ಬ ಓದಿ ಬರೆಯುವುದರೊಳಗೆ ಇನ್ನೊಬ್ಬ ಓದಿಬಿಟ್ಟರೆ ಒಂದು ಎಣಿಕೆ ಮಾಯ. ಆದರೆ ಅದು ಮಾಯವಾಗುವುದು ತರಬೇತಿಯ ಲ್ಯಾಪ್‌ಟಾಪಿನಲ್ಲಲ್ಲ, ಹಬ್ಬದ ರಿಯಾಯಿತಿಯ ದಿನ, ಗಿರಾಕಿಗಳು ಮುಗಿಬಿದ್ದಾಗ. ಹತ್ತು ಸಲ ಸರಿ ಬಂದದ್ದನ್ನು ಕಂಡ ಗುಂಪು ತಪ್ಪು ಪಾಠವನ್ನು ಪುರಾವೆಯ ಸಮೇತ ಕಲಿತು ಹೊರಡುತ್ತದೆ.

ನನಗೆ ಬಹಳ ಪ್ರಿಯವಾದ ಉದಾಹರಣೆ ಗಡಿಯಾರದ್ದು. ನಮ್ಮ ದೇಶಕ್ಕೆ ಒಂದೇ ಸಮಯ, ವರ್ಷವಿಡೀ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲಿಂದ ಬಂದವರಿರಲಿ, ಕೋಣೆಯಲ್ಲಿರುವ ಯಾರೂ ಜೀವನದಲ್ಲಿ ಒಮ್ಮೆಯೂ ಗಡಿಯಾರವನ್ನು ಒಂದು ಗಂಟೆ ಹಿಂದೆ ಮುಂದೆ ತಿರುಗಿಸಿಲ್ಲ. ಅಮೆರಿಕದ ಬಹುಭಾಗದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವ ಮಾರ್ಚ್‌ನ ಎರಡನೆಯ ಭಾನುವಾರ ಬೆಳಗಿನ ಜಾವ ಎರಡೂವರೆ ಗಂಟೆ ಎಂಬುದೇ ಇರುವುದಿಲ್ಲ. ಅದನ್ನು ಹಿಂದಕ್ಕೆ ತಿರುಗಿಸುವ ನವೆಂಬರ್‌ನ ಮೊದಲ ಭಾನುವಾರ ಒಂದೂವರೆ ಗಂಟೆ ಎರಡು ಸಲ ಬರುತ್ತದೆ. ಎರಡೂವರೆಗೆ ಓಡಬೇಕೆಂದು ನಿಗದಿ ಮಾಡಿದ ಕೆಲಸ ಮಾರ್ಚ್‌ನ ಆ ದಿನ ಓಡದೆಯೇ ಹೋಗಬಹುದು, ಒಂದೂವರೆಗೆ ನಿಗದಿ ಮಾಡಿದ್ದು ನವೆಂಬರ್‌ನ ಆ ದಿನ ಎರಡು ಬಾರಿ ಓಡಬಹುದು. ನಮ್ಮ ಹೊಸಬರಲ್ಲಿ ಅನೇಕರು ಕೋಡ್ ಬರೆಯಲಿರುವುದು ಅಲ್ಲಿನ ಗಿರಾಕಿಗಳಿಗೇ. ನಾಲ್ವರನ್ನು ಮೇಜಿನ ಸುತ್ತ ಕೂರಿಸಿ ಎಷ್ಟು ಹೊತ್ತು ಚರ್ಚಿಸಲು ಬಿಟ್ಟರೂ ಈ ವಿಷಯ ಹೊರಬರುವುದಿಲ್ಲ, ಏಕೆಂದರೆ ಅನುಮಾನವೇ ಹುಟ್ಟುವುದಿಲ್ಲ. ಒಂದೇ ಬಗೆಯ ಬದುಕಿನಿಂದ ಬಂದವರ ಅಜ್ಞಾನವೂ ಒಂದೇ ಬಗೆಯದು. ಅಲ್ಲಿ ತಿಳಿದವರೊಬ್ಬರು ಎದ್ದು ನಿಂತು ಹೇಳಲೇಬೇಕು, ಅದಕ್ಕೆ ಉಪನ್ಯಾಸ ಎಂದು ಕರೆದರೆ ಕರೆಯಲಿ.

ಸಹಪಾಠಿಗಳಿಂದ ಸಹಪಾಠಿಗಳಿಗೆ ಹರಡುವ ತಪ್ಪುಗಳಿಗೆ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಎಂಬ ಸಾಧನ ಒಂದು ದೊಡ್ಡ ಸಂಗ್ರಹಾಲಯ. ಏನೋ ಎಡವಟ್ಟಾಯಿತೇ? ಫೋಲ್ಡರ್ ಅಳಿಸಿಬಿಡು, ಮತ್ತೆ ಕ್ಲೋನ್ ಮಾಡು, ಹೊಸ ನಕಲು ಇಳಿಸಿಕೋ. ಈ ಮಂತ್ರವನ್ನು ಯಾವ ಮೇಷ್ಟರೂ ಕಲಿಸಿಲ್ಲ, ಆದರೂ ಪ್ರತಿ ಬ್ಯಾಚ್‌ಗೂ ಗೊತ್ತು. ಹಿರಿಯರಿಂದ ಕಿರಿಯರಿಗೆ ಮನೆಮದ್ದಿನ ಹಾಗೆ ಇಳಿದು ಬಂದಿದೆ, ಮದ್ದಿನಂತೆಯೇ ಎಷ್ಟೋ ಸಲ ಕೆಲಸವನ್ನೂ ಮಾಡುತ್ತದೆ. ಒಮ್ಮೆ ಕಮಿಟ್ ಆದದ್ದು, ಅಂದರೆ ಗಿಟ್‌ನಲ್ಲಿ ದಾಖಲಾದ ಬದಲಾವಣೆ, ಅಷ್ಟು ಸುಲಭಕ್ಕೆ ಅಳಿದುಹೋಗುವುದಿಲ್ಲ, ರಿಫ್ಲಾಗ್ ಎಂಬ ದಿನಚರಿಯಲ್ಲಿ ವಾರಗಟ್ಟಲೆ ಅದರ ಜಾಡು ಸಿಗುತ್ತದೆ, ಫೋಲ್ಡರ್ ಅಳಿಸಿದರೆ ಆ ದಿನಚರಿಯೂ ಹೋಗುತ್ತದೆ. ಇಷ್ಟನ್ನು ಬೋರ್ಡಿನ ಮೇಲೆ ಕಮಿಟ್‌ಗಳ ಸರಪಳಿಯ ಚಿತ್ರ ಬರೆದು ಹೇಳಲು ಇಪ್ಪತ್ತು ನಿಮಿಷ ಸಾಕು. ಗುಂಪಿನಲ್ಲಿ ತಡಕಾಡಿ ಅದನ್ನು ತಾವಾಗಿಯೇ ಕಂಡುಕೊಳ್ಳಲಿ ಎಂದರೆ ವರ್ಷಗಳೇ ಹೋಗಬಹುದು. ಹೋಗಿವೆ ಕೂಡ, ಹತ್ತು ವರ್ಷದ ಅನುಭವಿಗಳು ಫೋಲ್ಡರ್ ಅಳಿಸುವುದನ್ನು ನೋಡಿದ್ದೇನೆ.

ತೀರಾ ಹೊಸಬರ ವಿಷಯ ಬೇರೆ. ಕಿರ್ಷ್‌ನರ್, ಸ್ವೆಲ್ಲರ್, ಕ್ಲಾರ್ಕ್ ಎಂಬ ಮೂವರು 2006ರಲ್ಲಿ ಬರೆದ ಲೇಖನವೊಂದು ಈ ಕ್ಷೇತ್ರದಲ್ಲಿ ಇವತ್ತಿಗೂ ಜಗಳ ಹಚ್ಚುತ್ತದೆ. ಏನೂ ತಿಳಿಯದವರನ್ನು ಮಾರ್ಗದರ್ಶನವಿಲ್ಲದೆ ಹುಡುಕಾಟಕ್ಕೆ ಬಿಟ್ಟರೆ ಅವರ ಮನಸ್ಸಿನ ಪುಟ್ಟ ಜಾಗವೆಲ್ಲ ಹುಡುಕಾಟಕ್ಕೇ ಖರ್ಚಾಗಿ ಕಲಿಕೆಗೆ ಏನೂ ಉಳಿಯುವುದಿಲ್ಲ ಎಂಬುದು ಅವರ ವಾದ. ಮೆಕ್ಯಾನಿಕಲ್ ಓದಿ ನಮ್ಮಲ್ಲಿಗೆ ಬಂದ ಹುಡುಗರನ್ನು ಮೊದಲ ವಾರವೇ ಗುಂಪು ಯೋಜನೆಗೆ ತಳ್ಳಿದಾಗ ಆಗುವುದು ಇದೇ. ಅವರಿಗೆ ಮೊದಲು ಬೇಕಾದದ್ದು ಪೂರ್ತಿ ಬಿಡಿಸಿ ತೋರಿಸಿದ ನಾಲ್ಕಾರು ಉದಾಹರಣೆಗಳು. ಚರ್ಚೆ ಆಮೇಲಿನದು.

ಇಷ್ಟೆಲ್ಲ ಹೇಳಿದ ಮೇಲೂ ಕಂಪನಿಗಳಲ್ಲಿ ಉಪನ್ಯಾಸವೇ ಏಕೆ ಗೆಲ್ಲುತ್ತದೆ ಎಂದರೆ, ತರಬೇತಿಯ ಕೊನೆಯಲ್ಲಿ ತುಂಬಿಸುವ ಅಭಿಪ್ರಾಯದ ನಮೂನೆಯ ದೆಸೆಯಿಂದ. ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ? ಒಳ್ಳೆಯ ಮಾತುಗಾರನ ಉಪನ್ಯಾಸ ಕೇಳಿದವನಿಗೆ ಎಲ್ಲವೂ ತಿಳಿದಂತೆ ಅನ್ನಿಸುತ್ತದೆ. ಎರಡು ಗಂಟೆ ಪಕ್ಕದವಳ ಜೊತೆ ಗುದ್ದಾಡಿದವನಿಗೆ ತನಗೇನೂ ಬರುವುದಿಲ್ಲ ಅನ್ನಿಸುತ್ತದೆ. 2019ರಲ್ಲಿ ಹಾರ್ವರ್ಡ್‌ನ ಭೌತಶಾಸ್ತ್ರದ ತರಗತಿಗಳಲ್ಲೇ ಇದನ್ನು ಅಳೆದು ನೋಡಿದರು: ಸಕ್ರಿಯವಾಗಿ ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು, ಆದರೆ ತಾವು ಕಡಿಮೆ ಕಲಿತೆವು ಎಂದು ನಂಬಿದ್ದರು. ಅದಕ್ಕೂ ಐದು ವರ್ಷ ಮೊದಲು 225 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಶ್ಲೇಷಣೆಯಲ್ಲಿ, ಉಪನ್ಯಾಸದ ತರಗತಿಗಳಲ್ಲಿ ನಪಾಸಾದವರು 33.8 ಶೇಕಡಾ, ಸಕ್ರಿಯ ಕಲಿಕೆಯಲ್ಲಿ 21.8 ಶೇಕಡಾ ಇದ್ದರು. ಅಂಕಿಗಳು ಹೀಗಿದ್ದರೂ ತರಬೇತುದಾರನ ಬಡ್ತಿ ನಿಂತಿರುವುದು ಆ ಐದು ನಕ್ಷತ್ರಗಳ ಮೇಲೆ. ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ, ಗದ್ದಲದ ತರಗತಿಯನ್ನು ಕಂಡ ಮೇಲಧಿಕಾರಿಯೊಬ್ಬರು “ನೀವು ಕಲಿಸುವುದು ಯಾವಾಗ?” ಎಂದು ಕೇಳಿದ್ದರು. ಅವರಿಗೆ ಅದು ನಿಜವಾದ ಪ್ರಶ್ನೆಯೇ ಆಗಿತ್ತು.

ಇದರ ತದ್ವಿರುದ್ಧ ಸೋಮಾರಿತನವೂ ಉಂಟು. ಹೊಸಬನಿಗೆ ಒಬ್ಬ ಜೊತೆಗಾರನನ್ನು ಗೊತ್ತುಮಾಡಿ, “ಇವನ ಜೊತೆ ಕೂತು ಕಲಿತುಕೋ” ಎಂದು ಕೈತೊಳೆದುಕೊಳ್ಳುವುದು. ಆ ಜೊತೆಗಾರನಿಗೆ ಶುಕ್ರವಾರದ ಗಡುವು ತಲೆಯ ಮೇಲಿರುತ್ತದೆ. ಒಳ್ಳೆಯ ಪರಸ್ಪರ ಕಲಿಕೆಗೆ ಉಪನ್ಯಾಸಕ್ಕಿಂತ ಹೆಚ್ಚು ತಯಾರಿ ಬೇಕು. ಕೋಣೆಯನ್ನು ಸರಿಯಾಗಿ ಅರ್ಧಕ್ಕೆ ಒಡೆಯುವ ಒಂದು ಪ್ರಶ್ನೆ ಹೊಸೆಯಲು ಕೆಲವೊಮ್ಮೆ ಇಡೀ ಸಂಜೆ ಹೋಗುತ್ತದೆ.

ಇನ್ನು ನಮ್ಮ ಕೋಣೆಗಳ ನಡವಳಿಕೆ. ಮಜೂರ್ ಗುಟ್ಟಿನ ಮತವನ್ನು ಮೊದಲಿಗಿಟ್ಟದ್ದರ ಬೆಲೆ ತಿಳಿಯುವುದು ಇಲ್ಲಿ. ಕೈ ಎತ್ತಿ ಎಂದರೆ ಎಲ್ಲರೂ ಚಿನ್ನದ ಪದಕದ ಹುಡುಗನ ಕೈಯನ್ನು ನೋಡಿ ತಮ್ಮದನ್ನು ಎತ್ತುತ್ತಾರೆ. ಆದ್ದರಿಂದ ಚೀಟಿಯಲ್ಲಿ ಬರೆಸುತ್ತೇನೆ. ಇಂಗ್ಲಿಷನ್ನು ಸರಾಗವಾಗಿ ಮಾತಾಡುವವರು ಗುಂಪಿನ ಚರ್ಚೆಯನ್ನು ವಶಪಡಿಸಿಕೊಳ್ಳುತ್ತಾರೆ, ಅವರ ಉತ್ತರ ತಪ್ಪಿದ್ದಾಗಲೂ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗಿ ಸರಿಯುತ್ತರವನ್ನು ಚೀಟಿಯಲ್ಲಿ ಬರೆದು, ಚರ್ಚೆಯಲ್ಲಿ ತುಟಿ ಬಿಚ್ಚದೆ ಕುಳಿತದ್ದನ್ನು ಎಷ್ಟು ಬಾರಿ ನೋಡಿದ್ದೇನೋ. ಮೇಜಿನ ಸುತ್ತ ಯಾವ ಭಾಷೆಯಲ್ಲಾದರೂ ವಾದಿಸಿ ಎಂದು ಮೊದಲೇ ಸಾರಿಬಿಟ್ಟರೆ ಸ್ವಲ್ಪ ಸುಧಾರಿಸುತ್ತದೆ. ಕನ್ನಡ, ತೆಲುಗು, ಹಿಂದಿ ಎಲ್ಲ ಬೆರೆತ ಆ ಗಲಾಟೆಯಲ್ಲಿ ಪಾಯಿಂಟರ್, ಥ್ರೆಡ್ ಮಾತ್ರ ಎಲ್ಲರಿಗೂ ಒಂದೇ. ನ್ಯೂಯಾರ್ಕಿನ ರಿಕರ್ಸ್ ಸೆಂಟರ್ ಎಂಬ ಪ್ರೋಗ್ರಾಮರ್‌ಗಳ ಕಲಿಕಾ ತಾಣದಲ್ಲಿ ಒಂದು ನಿಯಮವಿದೆ: ಯಾರಿಗಾದರೂ ಏನಾದರೂ ಗೊತ್ತಿಲ್ಲವೆಂದಾಗ ಆಶ್ಚರ್ಯ ನಟಿಸಬಾರದು. “ಅಯ್ಯೋ, ಇದೂ ಗೊತ್ತಿಲ್ಲವೇ?” ಎಂಬ ನಮ್ಮ ಉದ್ಗಾರ ಎಷ್ಟು ಬಾಯಿಗಳನ್ನು ಮುಚ್ಚಿಸಿದೆ ಎಂದು ಗೊತ್ತಿರುವುದರಿಂದ ಆ ನಿಯಮವನ್ನು ಹಾಗೆಯೇ ಎತ್ತಿಕೊಂಡು ಗೋಡೆಗೆ ಅಂಟಿಸಿದ್ದೇನೆ.

ಈಚೆಗೆ ಪ್ರತಿ ಮೇಜಿಗೂ ಇನ್ನೊಬ್ಬ ಸಹಪಾಠಿ ಬಂದು ಸೇರಿದ್ದಾನೆ, ಕೃತಕ ಬುದ್ಧಿಮತ್ತೆಯ ಸಹಾಯಕ. ಅವನಿಗೆ ಅಮೆರಿಕದ ಗಡಿಯಾರದ ವಿಷಯ ಗೊತ್ತಿದೆ, ಕೇಳಿದರೆ ಸೊಗಸಾಗಿ ವಿವರಿಸುತ್ತಾನೆ. ಆದರೆ ಕೇಳಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ‘ಪ್ರತಿ ದಿನ ಒಂದೂವರೆಗೆ ಓಡುವಂತೆ ಮಾಡು’ ಎಂದರೆ ಮಾಡಿಕೊಡುತ್ತಾನೆ. ನನ್ನ ತರಗತಿಯಲ್ಲಿ ಅವನಿಗೆ ಪ್ರವೇಶವಿದೆ, ಮೊದಲ ಮತ ಚೀಟಿಯಲ್ಲಿ ಬಿದ್ದ ನಂತರ.

ಹಾಗಾಗಿ ಉಪನ್ಯಾಸದ ಸಮಯವನ್ನು ಈಗ ಯಂತ್ರ ಸುಮ್ಮನಿರುವ ಜಾಗಗಳಿಗೆಂದೇ ಮೀಸಲಿಟ್ಟಿದ್ದೇನೆ. ಮಾತಾಡಲು ಕರೆಯುವುದೂ ತರಬೇತುದಾರರನ್ನಲ್ಲ, ನಡುರಾತ್ರಿ ಫೋನ್ ಬಂದು ಎದ್ದು ಕುಳಿತವರನ್ನು. ಕಳೆದ ಬ್ಯಾಚ್‌ಗೆ ಬಂದಿದ್ದ ಸಪೋರ್ಟ್ ತಂಡದ ಹಿರಿಯರೊಬ್ಬರು, ನವೆಂಬರ್‌ನ ಒಂದು ಭಾನುವಾರ ಗಿರಾಕಿಗಳಿಗೆ ಎರಡೆರಡು ಬಿಲ್ ಹೋದ ಕಥೆಯನ್ನು ಸ್ಲೈಡ್ ಇಲ್ಲದೆ ಹೇಳಿದರು. ಗಂಟೆ ಎರಡು ಸಲ ಬರುವುದನ್ನು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದರು. ಕೋಣೆ ಉಸಿರು ಬಿಗಿಹಿಡಿದು ಕೇಳಿತು. ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗಿ ಎದ್ದು, “ಸರ್, ನಮ್ಮ ಅಕ್ಕ ಫೀನಿಕ್ಸ್‌ನಲ್ಲಿದ್ದಾರೆ. ಅಲ್ಲಿ ಗಡಿಯಾರ ತಿರುಗಿಸುವುದೇ ಇಲ್ಲವಂತೆ” ಎಂದಳು. ನಿಜ, ಅರಿಜೋನಾ ರಾಜ್ಯ ಆ ಪದ್ಧತಿಯನ್ನು ಪಾಲಿಸುವುದಿಲ್ಲ. ಅದೇ ರಾಜ್ಯದೊಳಗಿರುವ ನವಾಹೋ ಜನರ ಪ್ರದೇಶ ಪಾಲಿಸುತ್ತದೆ. ಹಿರಿಯರು ಒಂದು ಕ್ಷಣ ತಡೆದು, ಮಾರ್ಕರನ್ನು ಅವಳ ಕಡೆಗೆ ಚಾಚಿದರು. ಹಾಗಾದರೆ ಗಿರಾಕಿಯ ವಿಳಾಸದಲ್ಲಿ ರಾಜ್ಯದ ಹೆಸರೊಂದೇ ಇದ್ದರೆ ಸಾಲುತ್ತದೆಯೇ ಎಂದು ಯಾರೋ ಕೇಳಿದರು, ಊಟದ ಹೊತ್ತು ಮೀರಿತು.